ಕುದುರೆಗೆ ಮೇವಿನ ಬಲೆ: ಮೂರು ಕಟ್ಟಿ ನೋಡಿದೆ

ಜಮಖಂಡಿಯಿಂದ ಸ್ವಲ್ಪ ದೂರದಲ್ಲಿ ನಮ್ಮ ಹೊಲದ ಮನೆ. ಎರಡು ಕುದುರೆ ಇವೆ. ಒಂದು ಗಾಡಿ ಶರ್ಯತ್ತಿಗೆ ಓಡುವ ಗಂಡು. ಇನ್ನೊಂದು ಮಹಾರಾಷ್ಟ್ರದ ಅಕಲೂಜ ಸಂತೆಯಿಂದ ಅಪ್ಪ ತಂದ ಹೆಣ್ಣು ಕುದುರೆ, ಈಗ ಅದಕ್ಕೆ ಇಪ್ಪತ್ತು ದಾಟಿದೆ. ಹೋದ ಚಳಿಗಾಲದಲ್ಲಿ ಗಂಡಿಗೆ ಹೊಟ್ಟೆನೋವು ಬಂದು ಬೆಳಗಿನ ಜಾವ ನೆಲಕ್ಕೆ ಬಿದ್ದು ಹೊರಳಾಡಿತು. ನೋಡಲು ಬಂದ ಡಾಕ್ಟರು ಮೊದಲು ಕೇಳಿದ್ದೇ ರಾತ್ರಿಯ ಮೇವು ಎಷ್ಟೊತ್ತಿಗೆ ಖಾಲಿಯಾಗುತ್ತದೆ ಅಂತ. ಎಂಟಕ್ಕೆ ಹಾಕುತ್ತಿದ್ದೆವು, ಹತ್ತಕ್ಕೆ ಗೋದಲಿ ಖಾಲಿ. ಮತ್ತೆ ಮೇವು ಕಾಣುವುದು ಬೆಳಗ್ಗೆ ಐದಕ್ಕೆ.

ಏಳು ತಾಸು ಖಾಲಿ ಹೊಟ್ಟೆ. ಎತ್ತು, ಎಮ್ಮೆ ಆದರೆ ಮಲಗಿ ಮೆಲುಕು ಹಾಕುತ್ತವೆ, ಕುದುರೆಗೆ ಅದು ಇಲ್ಲ. ಅದರ ಹೊಟ್ಟೆಯಲ್ಲಿ ಹುಳಿ ಇಡೀ ದಿನ ಸುರಿಯುತ್ತಲೇ ಇರುತ್ತದೆ, ಆದರೆ ಆ ಹುಳಿಯನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಹಾಗಂತ ಮೇವು ಜಾಸ್ತಿ ಸುರಿದರೆ ಮೈ ಬರುತ್ತದೆ, ಶರ್ಯತ್ತಿನ ಕುದುರೆಗೆ ಅದು ಬೇಡ. ಅಷ್ಟೇ ಮೇವನ್ನು ನಿಧಾನವಾಗಿ ತಿನ್ನಿಸಬೇಕು. ಅದಕ್ಕೇ ಬಲೆ: ಮೇವು ತುಂಬಿ ಗೋಡೆಗೆ ಕಟ್ಟುವುದು, ಕುದುರೆ ಅದರ ಕಣ್ಣುಗಳಿಂದ, ಅಂದರೆ ತೂತುಗಳಿಂದ, ಸ್ವಲ್ಪ ಸ್ವಲ್ಪವೇ ಎಳೆದು ತಿನ್ನುತ್ತದೆ.

ಮೊದಲು ಕಟ್ಟಿದ್ದು ಪುಂಡಿ ನಾರಿನದು. ಊರಲ್ಲಿ ಹಗ್ಗ ಹೊಸೆಯುವ ಅಜ್ಜನ ಹತ್ತಿರ ಹೆಣೆಸಿದೆ. ಕಣ್ಣು ದೊಡ್ಡದು, ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಇರಬಹುದು. ಗಂಡು ಒಂದು ಬಾಯಿಗೆ ಅರ್ಧ ಹಿಡಿ ಎಳೆದು ಕೆಳಗೆ ಬೀಳಿಸಿ ತುಳಿಯುತ್ತಿತ್ತು. ಮೂರು ಕಿಲೋ ಒಣಹುಲ್ಲು ಗೋದಲಿಯಲ್ಲಿ ಎರಡು ತಾಸಿಗೆ ಮುಗಿದರೆ, ಇದರಲ್ಲಿ ಎರಡೂವರೆ. ಅಷ್ಟಕ್ಕೆ ಇಷ್ಟು ಕಷ್ಟ ಬೇಕಾ ಅನ್ನಿಸಿತು. ಆದರೆ ಪುಂಡಿಗೆ ಒಂದು ಒಳ್ಳೆಯ ಗುಣ ಇದೆ. ಕಾಲು ಸಿಕ್ಕರೆ ಜಗ್ಗಿದಾಗ ಹರಿಯುತ್ತದೆ, ಕಾಲು ಉಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಗ ಕೊಳೆಯುತ್ತದೆ.

ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಇನ್ನೂ ಕೆಲವರು ಮಾಡುತ್ತಾರೆ ಅಂತ ನನಗೆ ಗೊತ್ತು. ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಹತ್ತಿರ ಹಳೆಯ ಬಲೆ ಸುಮ್ನೆ ಸಿಗುತ್ತದೆ. ಕಣ್ಣು ಸಣ್ಣದು, ಖರ್ಚಿಲ್ಲ. ಎರಡು ಪದರ ಮಾಡಿ ಚೀಲದ ಹಾಗೆ ಹೊಲಿದೆ. ಮೂರನೇ ದಿನ ಗಂಡಿನ ತುಟಿಯ ಮೂಲೆಯಲ್ಲಿ ರಕ್ತ ಕಂಡಿತು. ದಾರ ಅಷ್ಟು ತೆಳು, ಎಳೆದಾಗ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಅದೇ ವಾರ ಹಿಂಗಾಲಿನ ಲಾಳ ಮತ್ತು ಗೊರಸಿನ ಸಂದಿಯಲ್ಲಿ ದಾರ ಸಿಕ್ಕಿಕೊಂಡಿತು. ಕುದುರೆ ಹೆದರಿ ಒದೆಯುತ್ತಿದ್ದಾಗ ನಾನು ಕುಡುಗೋಲು ಹಿಡಿದು ಹತ್ತಿರ ಹೋಗಿ ಕತ್ತರಿಸಬೇಕಾಯಿತು, ಆ ಹತ್ತು ನಿಮಿಷ ಇವತ್ತಿಗೂ ಮರೆತಿಲ್ಲ. ಬಲೆ ತರುವಾಗ ಎಲ್ಲರೂ ಕಣ್ಣಿನ ಅಳತೆ ಕೇಳುತ್ತಾರೆ. ಅದಕ್ಕಿಂತ ಮೊದಲು ದಾರದ ದಪ್ಪ ನೋಡಿ. ಮೀನಿನ ಬಲೆ ಬೇಡವೇ ಬೇಡ.

ಮೂರನೆಯದು ಕುದುರೆಗೆಂದೇ ಮಾಡಿದ ನೈಲಾನ್ ಬಲೆ, ಆನ್‌ಲೈನ್‌ನಲ್ಲಿ ತರಿಸಿದ್ದು. ಕಣ್ಣು 4 ಸೆಂಟಿಮೀಟರ್, ದಾರ ಪೆನ್ಸಿಲ್‌ಗಿಂತ ಸ್ವಲ್ಪ ಸಣ್ಣ, ಗಂಟಿಲ್ಲದ ಹೆಣಿಗೆ. ಅದೇ ಮೂರು ಕಿಲೋ ಹುಲ್ಲಿಗೆ ನಾಲ್ಕು ತಾಸು ಹಿಡಿಯಿತು. ಕೆಳಗೆ ಬಿದ್ದದ್ದು ಒಂದು ಹಿಡಿ, ಅಷ್ಟೇ. ಮೊದಲ ಎರಡು ದಿನ ಸಿಟ್ಟಿನಿಂದ ಬಲೆಯನ್ನು ಕಚ್ಚಿ ಎಳೆದಾಡಿತು. ಆಮೇಲೆ ಅರ್ಧ ಮೇವು ಗೋದಲಿಯಲ್ಲಿ, ಅರ್ಧ ಬಲೆಯಲ್ಲಿ ಇಟ್ಟು ಒಂದು ವಾರ ರೂಢಿ ಮಾಡಿಸಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ತುಂಬುವುದೇ ದೊಡ್ಡ ಕೆಲಸ ಅನ್ನುವವರಿಗೆ: ಬಲೆಯ ಬಾಯಿಯನ್ನು ಹಳೆಯ ಡ್ರಮ್ಮಿನ ಅಂಚಿಗೆ ಮಗುಚಿ ಹಾಕಿ, ಎರಡೂ ಕೈ ಖಾಲಿ ಇರುತ್ತವೆ. ಹುಲ್ಲನ್ನು ಬಿಡಿಸಿ, ಕೊಡವಿ, ಧೂಳು ಹೋದ ಮೇಲೆ ತುಂಬಿ. ಧೂಳು ಜಾಸ್ತಿ ಇದ್ದರೆ ತುಂಬಿದ ಬಲೆಯನ್ನೇ ಹತ್ತು ನಿಮಿಷ ನೀರಲ್ಲಿ ಅದ್ದಿ ನೀರು ಇಳಿಸಿ ಕಟ್ಟಿ. ಬೇಸಿಗೆಯಲ್ಲಿ ಒದ್ದೆ ಹುಲ್ಲು ಬೇಗ ಹುಳಿ ವಾಸನೆ ಹೊಡೆಯುತ್ತದೆ, ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿ. ಕಣ್ಣಳತೆ ನಂಬಿ ನಾನು ಒಂದು ತಿಂಗಳು ಒಂದು ಕಿಲೋ ಕಡಿಮೆ ಹಾಕಿದ್ದೆ. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ಆರು ಕಿಲೋ ಒಣಮೇವು ಬೇಕು. ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಹಾಕುವವರು ಸಣ್ಣ ಕಣ್ಣಿನ ಬಲೆಯಲ್ಲೇ ಹಾಕಿ, ಕೆಳಗೊಂದು ತಟ್ಟು ಹಾಸಿ. ಇಲ್ಲದಿದ್ದರೆ ಎಲೆ ಎಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ, ಸತ್ವ ಇರುವುದು ಎಲೆಯಲ್ಲಿ ಅಲ್ವಾ. ಹಸಿ ಜೋಳದ ಮೇವನ್ನು ಮಾತ್ರ ಬಲೆಯಲ್ಲೂ ಬೇಡ, ಗೋದಲಿಯಲ್ಲೂ ಬೇಡ. ಎತ್ತಿಗೆ ಹಾಕುತ್ತೇವೆ ಅಂತ ಕುದುರೆಗೂ ದಿನಾ ಹಾಕಿದರೆ ಮೂತ್ರಕೋಶ ಕೆಡುತ್ತದೆ, ಹಿಂಗಾಲು ತತ್ತರಿಸುತ್ತವೆ.

ಇನ್ನು ಕಟ್ಟುವುದು. ಖಾಲಿಯಾದಂತೆ ಬಲೆ ಜೋತು ಕೆಳಗಿಳಿಯುತ್ತದೆ, ಕಾಲು ಸಿಕ್ಕುವುದು ಆಗಲೇ. ಹಗ್ಗವನ್ನು ಗೋಡೆಯ ಬಳೆಯಲ್ಲಿ ತೂರಿಸಿ, ಬಲೆಯ ತಳದ ಕಣ್ಣಿಗೂ ಒಮ್ಮೆ ತೂರಿಸಿ ಮೇಲಕ್ಕೆ ಜಗ್ಗಿ, ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಿ. ತುಂಬಿದ ಬಲೆ ಕುದುರೆಯ ಕಣ್ಣಿನ ಮಟ್ಟಕ್ಕೆ ಇರಲಿ. ಇನ್ನೂ ಮೇಲೆ ಕಟ್ಟಿದರೆ ಧೂಳು ಕಣ್ಣಿಗೆ, ಮೂಗಿಗೆ ಬೀಳುತ್ತದೆ. ನೈಲಾನ್ ಹರಿಯುವುದಿಲ್ಲ. ಅದಕ್ಕೆ ಗೋಡೆಯ ಬಳೆಗೆ ಮೊದಲು ತೆಳು ಸುತಳಿಯ ಒಂದು ಕುಣಿಕೆ ಹಾಕಿ, ಬಲೆಯ ಹಗ್ಗವನ್ನು ಆ ಕುಣಿಕೆಯಲ್ಲೇ ತೂರಿಸುತ್ತೇನೆ. ಕಾಲು ಸಿಕ್ಕು ಜಗ್ಗಿದರೆ ಸುತಳಿ ಹರಿಯುತ್ತದೆ. ಪುಂಡಿಯ ಆ ಗುಣ ಇಲ್ಲಿ ಸುತಳಿಯಿಂದ ಬಂತು.

ಮುದಿ ಕುದುರೆಗೆ ಸಣ್ಣ ಕಣ್ಣು ಆಗಲಿಲ್ಲ. ಹಲ್ಲು ಸವೆದಿದೆ, ಎಳೆದು ಎಳೆದು ಸುಸ್ತಾಗಿ ನಿಂತುಬಿಡುತ್ತಿತ್ತು. ಅದಕ್ಕೆ ಪುಂಡಿಯದೇ ಇಟ್ಟಿದ್ದೇನೆ, ಜೊತೆಗೆ ಗೋದಲಿಯಲ್ಲಿ ಸ್ವಲ್ಪ. ಗಂಡಿಗೆ ರಾತ್ರಿ ಎಂಟಕ್ಕೆ ಎರಡು ನೈಲಾನ್ ಬಲೆ, ಎರಡು ಮೂಲೆಯಲ್ಲಿ, ಎರಡೆರಡು ಕಿಲೋ. ನಾಲ್ಕು ಗಂಟೆಗೆ ಎದ್ದು ನೋಡಿದರೆ ಇನ್ನೂ ಒಂದೆರಡು ಹಿಡಿ ಉಳಿದಿರುತ್ತದೆ. ಮೊನ್ನೆ ಒಂದರ ತಳದಲ್ಲಿ ಎರಡು ಕಣ್ಣು ಹರಿದು ಒಂದಾಗಿದ್ದವು. ಅದೇ ದಪ್ಪದ ದಾರದಿಂದ ಹೆಣೆದು, ಗೊರಸು ತೂರದಷ್ಟು ಬಿಗಿ ಮಾಡಿದ ಮೇಲೆಯೇ ಮತ್ತೆ ಕಟ್ಟಿದೆ.