ಮಾವಿಗೆ ಪ್ಯಾಕ್ಲೊಬ್ಯುಟ್ರಜಾಲ್: ಬಾಟಲಿ ಒಂದೇ, ಗುಡ್ಡದ ಮೇಲೊಂದು ಥರ, ಕೆಳಗೊಂದು ಥರ

ಗೋವಾದ ಫೋಂಡಾ ಹತ್ತಿರ ನಮ್ಮ ತೋಟ. ಜಾಸ್ತಿ ಆಪೂಸ್, ಒಂದು ಮೂಲೆಯಲ್ಲಿ ಮಾನಕುರಾದ್. ಒಂದು ವರ್ಷ ಕಾಯಿ ಬಿಟ್ಟು ಮರುವರ್ಷ ಸುಮ್ಮನಿರುವ ಆಪೂಸ್‌ಗೆ ಈ 23% ದ್ರಾವಣ ಹಾಕುತ್ತಾ ಬಂದಿದ್ದೇನೆ. ಹೂ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೂ ಐದಕ್ಕೆ ನಾಲ್ಕೇ ಸ್ಟಾರ್, ಯಾಕೆಂದರೆ ಅಂಗಡಿಯವರು ಮರದ ಅಳತೆ ಕೇಳುತ್ತಾರೆ, ಮಣ್ಣು ಯಾವುದು ಅಂತ ಯಾರೂ ಕೇಳುವುದಿಲ್ಲ.

ಇದು ಗೊಬ್ಬರ ಅಲ್ಲ. ಚಿಗುರು ಉದ್ದವಾಗಲು ಬೇಕಾದ ಜಿಬ್ಬರೆಲಿನ್ ಅನ್ನುವ ಹಾರ್ಮೋನು ಮರದಲ್ಲಿ ತಯಾರಾಗುವುದನ್ನು ತಡೆಯುತ್ತದೆ; ಚಿಗುರು ನಿಂತರೆ ಮರ ಹೂವಿನ ಕಡೆ ತಿರುಗುತ್ತದೆ. ಬುಡಕ್ಕೆ ಹಾಕಿದ್ದನ್ನು ಬೇರು ನೀರಿನ ಜೊತೆ ಮೇಲಕ್ಕೆ ಎಳೆದುಕೊಳ್ಳಬೇಕು, ಹಾಗಾಗಿ ಮಣ್ಣು ಒಣಗಿದ್ದರೆ ಹಾಕಿದ್ದು ಅಲ್ಲೇ ಕೂರುತ್ತದೆ. ಕೊಂಕಣದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ ಹಾಕುವುದು ಅದಕ್ಕೇ. ಕೊಂಬೆ ಹರಡಿದ ಅಗಲಕ್ಕೆ ಮೀಟರ್‌ಗೆ 3 ಮಿಲಿ, ಅಂದರೆ 6 ಮೀಟರ್ ಮರಕ್ಕೆ 18 ಮಿಲಿ. ಕಳೆ ಕಿತ್ತು, ನೀರಲ್ಲಿ ಬೆರೆಸಿ, ಬುಡದ ಸುತ್ತ ಹಾರೆಯಲ್ಲಿ ಗುಳಿ ಮಾಡಿ ಸುರಿಯಬೇಕು. ಮಳೆ ಧೋ ಅಂತ ಸುರಿಯುವ ದಿನ ಬೇಡ.

ಗುಡ್ಡದ ಮೇಲೆ ನಮ್ಮದು ಹರಳು ಹರಳಾದ ಜಂಬಿಟ್ಟಿಗೆ ಮಣ್ಣು. ಅಲ್ಲಿ ಅದೇ ವರ್ಷ ಚಿಗುರು ನಿಂತು ಬೇಗ ಹೂ ಬಂತು. ಕೆಳಗೆ ಗದ್ದೆ ಪಕ್ಕ ಅಂಟು ಮಣ್ಣು, ಮೇಲಿಂದ ವರ್ಷಾನುಗಟ್ಟಲೆ ಕೊಟ್ಟಿಗೆ ಗೊಬ್ಬರ ಬೇರೆ. ಮೊದಲ ವರ್ಷ ಅಲ್ಲಿನ ಮರಗಳು ಏನೂ ಆಗಿಲ್ಲವೆನ್ನುವ ಹಾಗೆ ಚಿಗುರುತ್ತಲೇ ಇದ್ದವು! ಮಾರಿದವರು ‘ಡಬಲ್ ಹಾಕಿ’ ಅಂದರು. ನಾನು ಹಾಕಲಿಲ್ಲ. ಜೇಡಿ, ಗೊಬ್ಬರದಂಶ ಎರಡೂ ಈ ಔಷಧಿಯನ್ನು ಹಿಡಿದಿಟ್ಟುಕೊಂಡು, ಉದ್ರಿ ಬಾಕಿ ತೀರಿಸುವವರ ಹಾಗೆ, ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಮರುವರ್ಷ ಹೂ ಬಂತು. ಅಂಥಾ ಮಣ್ಣಿಗೆ ಪ್ರತಿ ವರ್ಷ ಪೂರ್ತಿ ಡೋಸ್ ಹಾಕಿದರೆ ಉಳಿದದ್ದರ ಮೇಲೆ ಹೊಸದು ಸೇರುತ್ತದೆ, ಹೂಗೊಂಚಲು ಬಿಚ್ಚದೆ ಮುದ್ದೆ ಕಟ್ಟುತ್ತದೆ, ಚಿಗುರೂ ಗಿಡ್ಡ. ಪಕ್ಕದ ತೋಟದಲ್ಲಿ ಕಣ್ಣಾರೆ ಕಂಡಿದ್ದೇನೆ. ಈಗ ಕೆಳಗಿನ ಮರಗಳಿಗೆ ಅರ್ಧ ಡೋಸ್ ಮಾತ್ರ, ಹಿಂದಿನ ವರ್ಷದ ಚಿಗುರು ನೋಡಿಕೊಂಡು.

ಪುಣೆಯಲ್ಲಿ ಎರೆ ಮಣ್ಣಲ್ಲಿ ಮಾವು ಹಾಕಿರುವ ನಮ್ಮ ಭಾವ ‘ನೀವು ಎಷ್ಟು ಹಾಕ್ತೀರೋ ನಾನೂ ಅಷ್ಟೇ ಹಾಕ್ಲಾ?’ ಅಂತ ಫೋನ್ ಮಾಡುತ್ತಾರೆ. ಬೇಡ ಭಾವ, ಎರೆ ಮಣ್ಣೂ ಅಂಟೇ ಅಲ್ವಾ. ಒಂದೆರಡು ಮರಕ್ಕೆ ಹಾಕಿ, ಎರಡು ಹಂಗಾಮು ಕಾಯಿರಿ. ಎಳೆ ಗಿಡ, ಸೊರಗಿದ ಮರಕ್ಕಂತೂ ಬೇಡವೇ ಬೇಡ. ಬುಡದಲ್ಲಿ ತರಕಾರಿ ಬೆಳೆಯುವವರೂ ದೂರ ಇರಿ, ಮಣ್ಣಲ್ಲಿ ಉಳಿದದ್ದು ಅವನ್ನೂ ಕುಳ್ಳಗೆ ಮಾಡುತ್ತದೆ.