ಆಪರೇಷನ್ ತಂಡಕ್ಕೆ ಪೂರ್ತಿ ಅಂಕ, ಡಿಸ್ಚಾರ್ಜ್‌ಗೆ ಅರ್ಧ

ಕ್ಯಾನ್ಸರ್ ಹರಡಿರುವವರನ್ನು ಎಮರ್ಜೆನ್ಸಿಗೆ ಕರೆದೊಯ್ದರೆ "ಇನ್ನೇನು ಮಾಡೋಕಾಗುತ್ತೆ" ಅಂತ ಕೈಚೆಲ್ಲಿಬಿಡುತ್ತಾರೇನೋ ಅನ್ನೋ ಭಯ ನಮಗಿತ್ತು. ಈ ಆಸ್ಪತ್ರೆಯ ಸರ್ಜರಿ ತಂಡ ಹಾಗೆ ಮಾಡಲಿಲ್ಲ.

ಅಣ್ಣನಿಗೆ ಶ್ವಾಸಕೋಶದ ಕ್ಯಾನ್ಸರ್, ಗುಲ್ಮಕ್ಕೂ ಅಂದರೆ ಹೊಟ್ಟೆಯ ಎಡಗಡೆ ಇದ್ದು ಸೋಂಕಿನ ವಿರುದ್ಧ ಹೋರಾಡುವ ಸ್ಪ್ಲೀನ್‌ಗೂ ಹರಡಿತ್ತು. ಅಲ್ಲಿಗೆ ಹರಡುವುದೇ ಅಪರೂಪ, ಹರಡಿ ಒಡೆಯುವುದು ಇನ್ನೂ ಅಪರೂಪ. ಆ ರಾತ್ರಿ ಹೊಟ್ಟೆಯ ಎಡಗಡೆ ತಡೆಯಲಾಗದ ನೋವು, ತಣ್ಣನೆ ಬೆವರು, ಎದ್ದು ಕೂತರೆ ಕಣ್ಣು ಕತ್ತಲೆ. ಎಡ ಭುಜವೂ ನೋಯ್ತಿದೆ ಅಂದದ್ದೇ ತಡ, ಡ್ಯೂಟಿ ಡಾಕ್ಟರ್ ಸ್ಟ್ರೆಚರ್ ಮೇಲೇ ಅಲ್ಟ್ರಾಸೌಂಡ್ ಮಾಡಿದರು. ಸ್ಪ್ಲೀನ್ ಒಡೆದು ಒಳಗೇ ರಕ್ತ ಸೋರುತ್ತಿತ್ತು. ಹೊಟ್ಟೆಯೊಳಗೆ ಸೋರಿದ ರಕ್ತ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಕೆಲವರಿಗೆ ರಕ್ತನಾಳದ ಮೂಲಕವೇ ರಕ್ತಸ್ರಾವ ನಿಲ್ಲಿಸಬಹುದು, ಆದರೆ ರಕ್ತ ಕೊಟ್ಟರೂ ಅಣ್ಣನ ಬಿಪಿ ಕುಸಿಯುತ್ತಲೇ ಇತ್ತು, ಹಾಗಾಗಿ ಹೊಟ್ಟೆ ತೆರೆದು ಸ್ಪ್ಲೀನ್ ತೆಗೆಯುವುದೊಂದೇ ದಾರಿ ಅಂದರು.

ನನಗೆ ತುಂಬಾ ಹಿಡಿಸಿದ್ದು ಆಮೇಲಿನದು. ಸರ್ಜನ್ ನಮ್ಮನ್ನು ಮೂಲೆಗೆ ಕರೆದು ಪಿಸುಗುಡಲಿಲ್ಲ. ಅಣ್ಣನ ಪಕ್ಕ ಬಗ್ಗಿ, ಆಕ್ಸಿಜನ್ ಮಾಸ್ಕ್ ಸ್ವಲ್ಪ ಸರಿಸಿ, ಅವನನ್ನೇ ಕೇಳಿದರು: "ಇದು ಕ್ಯಾನ್ಸರ್ ಗುಣ ಮಾಡೋ ಆಪರೇಷನ್ ಅಲ್ಲ, ರಕ್ತ ನಿಲ್ಲಿಸೋಕೆ ಮಾತ್ರ. ಟೇಬಲ್ ಮೇಲೇ ಜೀವಕ್ಕೆ ಅಪಾಯ ಆಗಬಹುದು. ಬೇಡ ಅಂದ್ರೂ ನೋವಿಲ್ಲದ ಹಾಗೆ ನೋಡ್ಕೋತೀವಿ. ನಿಮಗೇನು ಬೇಕು?" ಅಣ್ಣ "ಮಾಡಿ ಸಾರ್" ಅಂದ. ಅಷ್ಟು ಅವಸರದಲ್ಲೂ ರೋಗಿಯನ್ನೇ ಕೇಳಬೇಕು ಅಂತ ಅವರಿಗೆ ಹೊಳೆಯಿತಲ್ಲ, ಅದು ದೊಡ್ಡದು. ಆಪರೇಷನ್ ಚೆನ್ನಾಗಿ ಆಯಿತು, ಐಸಿಯು ನರ್ಸ್‌ಗಳೂ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರಿಸಿದರು.

ಬೇಸರವಾದದ್ದು ಡಿಸ್ಚಾರ್ಜ್ ವಿಷಯದಲ್ಲಿ. ಸ್ಪ್ಲೀನ್ ಇಲ್ಲದವರಿಗೆ ಕೆಲವು ಸೋಂಕುಗಳು ಬಹಳ ಬೇಗ ವಿಕೋಪಕ್ಕೆ ಹೋಗುತ್ತವೆ. ಅಂಥ ಸೋಂಕು ತರುವ ಬ್ಯಾಕ್ಟೀರಿಯಾಗಳ ವಿರುದ್ಧ ನ್ಯುಮೊಕಾಕಲ್, ಮೆನಿಂಜೊಕಾಕಲ್, ಹಿಬ್ ಅನ್ನೋ ಲಸಿಕೆಗಳು ಬೇಕು, ತುರ್ತು ಆಪರೇಷನ್ ಆದವರಿಗೆ ಸಾಮಾನ್ಯವಾಗಿ 2 ವಾರ ಬಿಟ್ಟು ಕೊಡುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ! ಕ್ಯಾನ್ಸರ್ ಡಾಕ್ಟರ್ ಕೇಳಿದ ಮೇಲೇ ನಮಗೆ ಗೊತ್ತಾಗಿದ್ದು. ಗಾಯ ಮಾಯುವವರೆಗೆ ಕೀಮೋ ನಿಲ್ಲಿಸಬೇಕು ಅನ್ನೋದನ್ನೂ ಎರಡು ವಿಭಾಗದವರು ಮಾತಾಡಿಕೊಂಡಿರಲಿಲ್ಲ, ನಾವೇ ಫೈಲ್ ಹಿಡಿದು ಓಡಾಡಿದೆವು.

ಆಪರೇಷನ್‌ಗೆ ಈ ತಂಡವನ್ನು ಧೈರ್ಯವಾಗಿ ನಂಬಿ. ಮನೆಗೆ ಹೊರಡುವ ಮುಂಚೆ ಮಾತ್ರ ಲಸಿಕೆಯ ತಾರೀಖು, ಜ್ವರ ಬಂದರೆ ಯಾವ ಆಂಟಿಬಯಾಟಿಕ್, ಎಲ್ಲಿಗೆ ಓಡಬೇಕು, ಇಷ್ಟನ್ನು ಕೇಳಿ ಬರೆಸಿಕೊಳ್ಳಿ. ಜ್ವರಕ್ಕೆ ಬೆಳಗಾಗಲಿ ಅಂತ ಕಾಯಬೇಡಿ.