ಫೈರ್‌ಬೇಸ್ ಜೊತೆ ಎಂಟು ತಿಂಗಳು: ಚಿಕ್ಕಪ್ಪನ ಹೋಟೆಲಿನ ಆರ್ಡರ್ ಆ್ಯಪ್

"ಅದೆಲ್ಲಾ ಸರಿ, ನೀರು ನುಗ್ಗಿದರೆ?" ಹೋಟೆಲಿನ ಆರ್ಡರ್‌ಗಳಿಗೆ ಒಂದು ಆ್ಯಪ್ ಮಾಡಿಕೊಡುತ್ತೇನೆ ಎಂದಾಗ ಚಿಕ್ಕಪ್ಪ ಮೊದಲು ಕೇಳಿದ್ದು ಇದನ್ನೇ. ಮುಂಬೈಯ ಮಾಟುಂಗದ ಹತ್ತಿರ ಅವರದೊಂದು ಉಡುಪಿ ಹೋಟೆಲಿದೆ. ಹನ್ನೆರಡು ಟೇಬಲ್, ಮೂವರು ಸಪ್ಲಯರ್, ದಿನಕ್ಕೆ ಸುಮಾರು 300 ಆರ್ಡರ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಆವತ್ತು ಗಲ್ಲಾದ ಕೆಳಗಿದ್ದ ಕಂಪ್ಯೂಟರ್ ಮುಳುಗಿಹೋಗಿತ್ತು. ಅಟ್ಟದ ಮೇಲಿದ್ದ ಉದ್ರಿ ಪುಸ್ತಕ ಮಾತ್ರ ಉಳಿದಿತ್ತು. ಅಂದಿನಿಂದ ಅವರಿಗೆ ಕಂಪ್ಯೂಟರ್ ಎಂದರೆ ಮಳೆಗಾಲದಲ್ಲಿ ಸಾಯುವ ವಸ್ತು.

ಎಲ್ಲಾ ಕ್ಲೌಡ್‌ನಲ್ಲಿ, ಅಂದರೆ ಬೇರೆ ಕಂಪನಿಯ ದೂರದ ಕಂಪ್ಯೂಟರ್‌ಗಳಲ್ಲಿ ಇರುತ್ತದೆ ಎಂದೆ. ಎಲ್ಲಿದೆ ಅದು ಎಂದರು. ನಾನು ಬಳಸುವ ಕ್ಲೌಡ್ ಸೇವೆ ಫೈರ್‌ಬೇಸ್‌ನಲ್ಲಿ ಡೇಟಾಬೇಸ್ (ಲೆಕ್ಕವೆಲ್ಲಾ ಕೂಡಿಡುವ ಜಾಗ) ಎಲ್ಲಿರಬೇಕೆಂದು ನಾವೇ ಆರಿಸಬೇಕು, ನಾನು ಆರಿಸಿದ್ದು ಮುಂಬೈ. ಅದನ್ನು ಹೇಳಿದ್ದೇ ತಪ್ಪಾಯಿತು. "ಮುಂಬೈಯಲ್ಲೇ ಇಟ್ಟು ನೀರು ಬರುವುದಿಲ್ಲ ಅಂತೀಯಲ್ಲ, ಎಂತ ಮಾರಾಯ್ತಿ ನೀನು!"

ನಾನಿರುವುದು ಪುಣೆಯ ಕೋಥ್ರುಡ್‌ನಲ್ಲಿ. ಊರು ಕುಂದಾಪುರದ ಹತ್ತಿರ. ಹಗಲಿಗೆ ಹಿಂಜವಡಿಯಲ್ಲಿ ಕೆಲಸ, ಈ ಆ್ಯಪ್ ರಾತ್ರಿಯದ್ದು. 2008ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಒಂದು ಟೆಸ್ಟ್ ಸರ್ವರ್ (ಕೋಡ್ ಓಡಿಸಿ ನೋಡುವ ಕಂಪ್ಯೂಟರ್) ಬೇಕೆಂದರೆ ಫಾರ್ಮ್ ತುಂಬಿ, ಮೂರು ಸಹಿ ಹಾಕಿಸಿ, ತಿಂಗಳುಗಟ್ಟಲೆ ಕಾಯಬೇಕಿತ್ತು. ಅಮೆಜಾನ್ ಆಗಲೇ, 2006ರಲ್ಲೇ, ಸರ್ವರ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿತ್ತು. ನಮ್ಮ ಆಫೀಸಿಗೆ ಆ ಸುದ್ದಿ ಬಹಳ ತಡವಾಗಿ ತಲುಪಿತು. ಫೈರ್‌ಬೇಸ್‌ನಲ್ಲಿ ಬಾಡಿಗೆ ಸರ್ವರ್ ಕೂಡ ನನ್ನ ಕಣ್ಣಿಗೆ ಬೀಳುವುದಿಲ್ಲ. 2014ರಲ್ಲಿ ಗೂಗಲ್ ಕೊಂಡುಕೊಂಡ ಸೇವೆ ಇದು. ಫೋನಿನಲ್ಲಿರುವ ಆ್ಯಪ್ ಸೀದಾ ಡೇಟಾಬೇಸ್ ಜೊತೆ ಮಾತಾಡುತ್ತದೆ. ನಾನು ಬಳಸುವ ಡೇಟಾಬೇಸಿನ ಹೆಸರು ಫೈರ್‌ಸ್ಟೋರ್.

ಮೊದಲು ಇಷ್ಟವಾದದ್ದನ್ನು ಹೇಳುತ್ತೇನೆ. ಗಲ್ಲಾದಲ್ಲಿ ಕೂತ ಚಿಕ್ಕಪ್ಪ "ಗೋಳಿಬಜೆ ಮುಗಿಯಿತು" ಎಂದು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರೂ ಸಪ್ಲಯರ್‌ಗಳ ಫೋನಿನಲ್ಲಿ ಗೋಳಿಬಜೆ ಮಸುಕಾಗುತ್ತದೆ. ಇದಕ್ಕೆ ನಾನು ಬರೆದ ಕೋಡ್ ಹತ್ತು ಸಾಲೂ ಇಲ್ಲ. ಹಳೇ ಪದ್ಧತಿಯಲ್ಲಾದರೆ ಇದೊಂದೇ ಒಂದು ವಾರದ ಕೆಲಸ.

ಎರಡನೆಯದು ನೆಟ್‌ವರ್ಕ್ ಇಲ್ಲದಾಗಿನ ನಡತೆ. ಇದನ್ನು ಪರೀಕ್ಷಿಸಲು ನನಗೆ ಸಿಕ್ಕ ಪ್ರಯೋಗಶಾಲೆ ಡೆಕ್ಕನ್ ಕ್ವೀನ್ ರೈಲು. ಬೆಳಗ್ಗೆ ಪುಣೆ ಬಿಟ್ಟು ದಾದರ್ ಕಡೆ ಹೊರಟರೆ ಖಂಡಾಲಾ ದಾಟಿದ ಮೇಲೆ ಘಟ್ಟದ ಸುರಂಗಗಳು ಸಾಲು ಸಾಲು. ಒಂದು ಕೈಯಲ್ಲಿ ಡೈನಿಂಗ್ ಕಾರಿನ ಚಹಾ, ಇನ್ನೊಂದರಲ್ಲಿ ಫೋನು. ಸುರಂಗದೊಳಗೆ ಟೇಬಲ್ 4ಕ್ಕೆ ಎರಡು ಮಸಾಲೆ ದೋಸೆ ಹಾಕಿದೆ. ಆ್ಯಪ್ ಕಮಕ್ ಕಿಮಕ್ ಎನ್ನದೆ ತೆಗೆದುಕೊಂಡಿತು. ಬೆಳಕು ಬಂದು ಸಿಗ್ನಲ್ ಸಿಕ್ಕ ಕೂಡಲೇ ಆರ್ಡರ್ ತಾನೇ ಮೇಲೆ ಹೋಯಿತು. ಆಂಡ್ರಾಯ್ಡ್‌ನಲ್ಲಿ ಈ ಸೌಲಭ್ಯ ಮೊದಲಿಂದಲೇ ಆನ್ ಆಗಿರುತ್ತದೆ. ವೆಬ್‌ನಲ್ಲಿ ಬೇಕಾದರೆ ನಾವೇ ಆನ್ ಮಾಡಿಕೊಳ್ಳಬೇಕು.

ಆದರೆ ಅದೇ ಸುರಂಗದಲ್ಲಿ ಬಿಲ್ ನಂಬರ್ ಬರಲಿಲ್ಲ. ಜಿಎಸ್‌ಟಿ ಬಿಲ್ಲಿಗೆ ನಂಬರ್ ಒಂದರ ಹಿಂದೆ ಒಂದು ಬರಬೇಕು. ಇಬ್ಬರು ಒಟ್ಟಿಗೆ ಒತ್ತಿದರೂ ಒಂದೇ ನಂಬರ್ ಎರಡು ಸಲ ಬರಬಾರದೆಂದು ನಾನು ಟ್ರಾನ್ಸಾಕ್ಷನ್ ಬಳಸಿದ್ದೆ, ಅಂದರೆ ನಡುವೆ ಬೇರೆಯವರು ನುಗ್ಗದಂತೆ ಓದು-ಬರಹವನ್ನು ಒಂದೇ ಏಟಿಗೆ ಮುಗಿಸುವ ವಿಧಾನ. ಫೈರ್‌ಸ್ಟೋರ್‌ನ ಟ್ರಾನ್ಸಾಕ್ಷನ್ ನೆಟ್‌ವರ್ಕ್ ಇಲ್ಲದೆ ನಡೆಯುವುದೇ ಇಲ್ಲ. ಯೋಚಿಸಿದರೆ ಸರಿಯೇ. ಇನ್ನೊಬ್ಬರು ಯಾವ ನಂಬರ್ ತೆಗೆದುಕೊಂಡರೆಂದು ಸುರಂಗದಲ್ಲಿರುವ ಫೋನಿಗೆ ಹೇಗೆ ಗೊತ್ತಾಗಬೇಕು? ಆದರೆ ಇದು ಹೊಳೆಯಲು ನನಗೆ ಘಟ್ಟದ ಕೆಳಗಿನ ಕರ್ಜತ್‌ವರೆಗೆ ಬೇಕಾಯಿತು. ಈಗ ಸಪ್ಲಯರ್ ಫೋನಿನಲ್ಲಿ ಆರ್ಡರ್ ಮಾತ್ರ. ಬಿಲ್ ನಂಬರ್ ಕೊಡುವುದು ಗಲ್ಲಾದ ಫೋನು ಒಂದೇ. ಜಿಎಸ್‌ಟಿ ನಿಯಮದಲ್ಲಿ ಬೇರೆ ಬೇರೆ ಸರಣಿಯ ನಂಬರ್‌ಗಳಿಗೂ ಅವಕಾಶವಿದೆ. ಮುಂದೆ ಪಾರ್ಸೆಲ್ ಕೌಂಟರ್ ತೆರೆದರೆ ಅದಕ್ಕೊಂದು ಸರಣಿ ಕೊಟ್ಟರಾಯಿತು.

ಇನ್ನು ನನ್ನ ಮಾನ ಹೋದ ಕಥೆ. ಡಿಸೆಂಬರ್ 16, ಬೆಳಗ್ಗೆ. ನಾನು ಆಫೀಸಿನ ಬಸ್ಸಿನಲ್ಲಿದ್ದೆ. ಚಿಕ್ಕಪ್ಪನ ಫೋನು: "ಅಡುಗೆಮನೆಗೆ ಒಂದೂ ಆರ್ಡರ್ ಬರ್ತಾ ಇಲ್ಲ. ಹುಡುಗರು ಮೊದಲಿನ ಹಾಗೇ ಕೂಗ್ತಾ ಇದ್ದಾರೆ. ಕೂಗಿದರೆ ಬರ್ತದೆ."

ನಾನಿದ್ದದ್ದು ಫೈರ್‌ಬೇಸ್‌ನ ಉಚಿತ ಯೋಜನೆಯಲ್ಲಿ. ಅದರಲ್ಲಿ ಡೇಟಾಬೇಸನ್ನು ದಿನಕ್ಕೆ 50,000 ಸಲ ಓದಬಹುದು, 20,000 ಸಲ ಬರೆಯಬಹುದು. ನನಗೆ ಅದು ಸಮುದ್ರದಷ್ಟು ಎನಿಸಿತ್ತು. ಆದರೆ ಪಟ್ಟಿಯಲ್ಲಿ ಬರುವ ಒಂದೊಂದು ಆರ್ಡರೂ ಒಂದೊಂದು ಓದು. ನಾನು ಸೋಮಾರಿತನದಿಂದ ಪರದೆ ತೆರೆದಾಗೆಲ್ಲಾ ಇಡೀ ತಿಂಗಳ ಆರ್ಡರ್ ತರಿಸಿಕೊಳ್ಳುತ್ತಿದ್ದೆ. ಹದಿನೈದು ದಿನಕ್ಕೆ 4,500 ಆರ್ಡರ್. ಸಪ್ಲಯರ್‌ಗಳ ಮೂರು ಫೋನು, ಅಡುಗೆಮನೆಯ ಟ್ಯಾಬ್, ಗಲ್ಲಾದ ಫೋನು, ಒಟ್ಟು ಐದು. ಅರ್ಧ ಗಂಟೆಗಿಂತ ಜಾಸ್ತಿ ಮುಚ್ಚಿಟ್ಟು ಮತ್ತೆ ತೆರೆದರೆ ಎಲ್ಲವನ್ನೂ ಹೊಸದಾಗಿ ಓದಿದ ಲೆಕ್ಕ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ, ಅಲ್ಲಿಗೆ 45,000. ಮರುದಿನ ಬೆಳಗ್ಗೆ ಮೂರನೇ ಸಲ ತೆರೆಯುವಷ್ಟರಲ್ಲಿ ಕೋಟಾ ಖತಂ.

ಬೆಳಗ್ಗೆ ಅಂದರೆ ಹೊಸ ದಿನ ಅಲ್ವಾ ಎನ್ನಬೇಡಿ. ಫೈರ್‌ಬೇಸ್‌ನವರ ದಿನ ಬದಲಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿಗೆ. ಚಳಿಗಾಲದಲ್ಲಿ ಅದು ನಮ್ಮ ಮಧ್ಯಾಹ್ನ ಒಂದೂವರೆ. ಊಟದ ಗಿರಾಕಿಗಳು ಅರ್ಧ ಎದ್ದು ಹೋದ ಮೇಲೆ ಆ್ಯಪ್ ತಾನೇ ಸರಿಹೋಯಿತು. ನಾನೇ ಸರಿ ಮಾಡಿದೆ ಎಂದು ಚಿಕ್ಕಪ್ಪ ತಿಳಿದರು. ನಾನು ಸುಮ್ನಿದ್ದೆ.

ತಪ್ಪು ಪೂರ್ತಿ ನನ್ನದು, ಸೇವೆಯದ್ದಲ್ಲ. ಆ ರಾತ್ರಿ "ಇವತ್ತಿನ ಆರ್ಡರ್ ಮಾತ್ರ" ಎಂದು ಒಂದು ಸಾಲು ಸೇರಿಸಿದೆ. ಈಗ ದಿನದ ಓದು 10,000ದ ಆಸುಪಾಸಿನಲ್ಲಿದೆ. ಹಿಂದೆ ಕೆಟ್ಟ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಬರೆದರೆ ಸರ್ವರ್ ಸ್ವಲ್ಪ ಏದುಸಿರು ಬಿಡುತ್ತಿತ್ತು, ಅಷ್ಟೇ. ಯಾರೂ ಕೇಳುತ್ತಿರಲಿಲ್ಲ. ಈಗ ನನ್ನ ಸೋಮಾರಿತನಕ್ಕೆ ಅಂಕಿ ಬಂದಿದೆ, ಹಣ ಕಟ್ಟುವ ಯೋಜನೆಯಲ್ಲಾದರೆ ಬಿಲ್ಲೇ ಬರುತ್ತದೆ. ಅಲ್ಲಿ ಬಜೆಟ್ ಎಚ್ಚರಿಕೆ ಹಾಕಿಡಬಹುದು. ಆದರೆ ಅದು ಮೇಲ್ ಕಳಿಸುತ್ತದೆಯೇ ಹೊರತು ಖರ್ಚನ್ನು ತಡೆಯುವುದಿಲ್ಲ. ಹದಿನೈದು ವರ್ಷ ಕೋಡ್ ಬರೆದ ನಾನು ಸಾಲು ಸಾಲಿಗೂ ಲೆಕ್ಕ ಹಾಕಲು ಕಲಿತದ್ದು ಈ ಎಂಟು ತಿಂಗಳಲ್ಲಿ.

ಬಾಗಿಲ ಬೀಗವೂ ನಮ್ಮದೇ ಜವಾಬ್ದಾರಿ. ನಡುವೆ ಸರ್ವರ್ ಇಲ್ಲವಲ್ಲ, ಯಾರು ಏನು ಓದಬಹುದು, ಬರೆಯಬಹುದು ಎಂಬ ನಿಯಮಗಳನ್ನು ಬೇರೆಯಾಗಿ ಬರೆಯಬೇಕು. ಪರೀಕ್ಷೆಗೆಂದು ಇರುವ ಟೆಸ್ಟ್ ಮೋಡ್‌ನಲ್ಲಿ ಶುರು ಮಾಡಿದರೆ 30 ದಿನ ಬಾಗಿಲು ಹಾರು ಹೊಡೆದಿರುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಹೊಸಬರು ಮೊದಲ ದಿನವೇ ನಿಯಮ ಬರೆಯಿರಿ, ದಯವಿಟ್ಟು.

ಆ್ಯಪ್ ಕುಸಿದರೆ ವರದಿ ಕಳಿಸುವ ಫೈರ್‌ಬೇಸ್‌ನ ಕ್ರ್ಯಾಶ್ಲಿಟಿಕ್ಸ್ ಬಗ್ಗೆ ಎರಡೇ ಮಾತು. ಮಾಟುಂಗದಲ್ಲಿ ಫೋನಿನ ಆ್ಯಪ್ ಕೈಕೊಟ್ಟರೆ ಯಾವ ಮಾಡೆಲ್, ಕೋಡಿನ ಯಾವ ಸಾಲು ಎಂದು ಕೋಥ್ರುಡ್‌ನಲ್ಲೇ ಕಾಣುತ್ತದೆ. ಮೊದಲು ಇದಕ್ಕೆ ಪೆನ್‌ಡ್ರೈವ್ ಹಿಡಿದು ರೈಲು ಹತ್ತಬೇಕಿತ್ತು. ಈಗ ರೈಲು ಹತ್ತುವುದು ಚಿಕ್ಕಮ್ಮನ ನೀರ್‌ದೋಸೆಗೆ ಮಾತ್ರ.

ಯಾರಿಗೆ ಬೇಡ? ತಿಂಗಳ ಕೊನೆಗೆ ಹತ್ತು ತರದ ವರದಿ ಕೇಳುವವರಿಗೆ. ಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಭಾಷೆಯಲ್ಲಿ ಎರಡು ಕೋಷ್ಟಕ ಜೋಡಿಸಿ ಉತ್ತರ ತೆಗೆದು ರೂಢಿಯಾದವರಿಗೆ ಫೈರ್‌ಸ್ಟೋರ್ ಕೈಕಟ್ಟಿದ ಹಾಗೆ. ನಾನು ಬಳಸುವ ಆವೃತ್ತಿಯಲ್ಲಿ ಆ ಜೋಡಣೆ ಇಲ್ಲ. ಯಾವ ತಿಂಡಿ ಯಾವ ವಾರ ಎಷ್ಟು ಹೋಯಿತು ಎಂಬ ಲೆಕ್ಕಕ್ಕೆ ನಾನು ಪ್ರತಿ ಆರ್ಡರ್ ಜೊತೆಗೇ ಇನ್ನೊಂದು ಕಡೆ ಎಣಿಕೆ ಬರೆದಿಡುತ್ತೇನೆ. ಮುಂದೆ ಬೇರೆ ಕಡೆ ಹೋಗಬೇಕೆಂದರೆ ಆ್ಯಪ್‌ನ ಅರ್ಧ ಕೋಡ್ ಹೊಸದಾಗಿ ಬರೆಯಬೇಕು. ಡೇಟಾಬೇಸಿನ ಜಾಗವನ್ನೂ ಒಮ್ಮೆ ಆರಿಸಿದ ಮೇಲೆ ಬದಲಿಸುವಂತಿಲ್ಲ. ಸಣ್ಣ ಹೋಟೆಲು, ಒಬ್ಬಳೇ ಪ್ರೋಗ್ರಾಮರ್, ರಾತ್ರಿಯ ಎರಡು ಗಂಟೆ ಬಿಡುವು. ಇಷ್ಟೇ ಇದ್ದರೆ ಮಾತ್ರ ಐದಕ್ಕೆ ನಾಲ್ಕು ಕೊಡುತ್ತೇನೆ.

ಹೋದ ತಿಂಗಳು ಚಿಕ್ಕಪ್ಪ ಖರ್ಚು ಕೇಳಿದರು. ಸೊನ್ನೆ ಎಂದೆ. ಅವರಿಗೆ ಖುಷಿಯಾಗಲಿಲ್ಲ. "ಸೊನ್ನೆಗೆ ಯಾರು ಕೊಡ್ತಾರೆ? ನಾಳೆ ರೇಟು ಹಾಕಿದರೆ ನಮ್ಮ ಲೆಕ್ಕ ಅವರ ಹತ್ತಿರ ಅಲ್ವಾ?" ಇದಕ್ಕೆ ನನ್ನಲ್ಲಿ ಜಾಣ ಉತ್ತರವಿರಲಿಲ್ಲ. ರಾತ್ರಿ ಅಂಗಡಿ ಮುಚ್ಚುವಾಗ ದಿನದ ಲೆಕ್ಕವನ್ನು ಬಿಲ್ ಪ್ರಿಂಟರಿನಲ್ಲೇ ಒಂದು ಚೀಟಿಯಾಗಿ ಹೊಡೆಯುವಂತೆ ಮಾಡಿಕೊಟ್ಟೆ. ಇಪ್ಪತ್ತು ನಿಮಿಷದ ಕೆಲಸ. ಚಿಕ್ಕಪ್ಪ ಆ ಚೀಟಿಯನ್ನು ಅನ್ನದ ಅಗುಳಿನಿಂದ ಉದ್ರಿ ಪುಸ್ತಕಕ್ಕೆ ಅಂಟಿಸಿ, ಪುಸ್ತಕವನ್ನು ಅಟ್ಟದ ಮೇಲಿಡುತ್ತಾರೆ.